ತಿರುಗುವ ಹುಳ, ಕೂತ ಹುಳ

"ಪಾಪ, ಹಿಂಗೆ ತಿರುಗ್ತಾನೇ ಇದ್ರೆ ಅವಕ್ಕೆ ತಲೆ ಸುತ್ತಲ್ವೇನೆ?"

ಸುವರ್ಣಮ್ಮ ಸೊಂಟಕ್ಕೆ ಕೈಕೊಟ್ಟು ಬಗ್ಗಿ, ಬ್ಯಾಟರಿ ಮೋಟಾರಿಗೆ ಕಟ್ಟಿದ್ದ, ಹುಳಗಳಿದ್ದ ಗಾಜಿನ ಕೊಳವೆ ಮೆಲ್ಲಮೆಲ್ಲಗೆ ಉರುಳುವುದನ್ನು ನೋಡುತ್ತಿದ್ದರು.

"ಸುತ್ತೋಕೆ ತಲೆನೇ ಇಲ್ವಲ್ಲ ಅತ್ತೆ" ಎಂದು ನಕ್ಕ ಭಾನುಪ್ರಿಯಾ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು.

ಅಕ್ಕಿಯಲ್ಲಿ ಸಿಕ್ಕ ಹುಳವನ್ನೂ ಮೊರದಲ್ಲಿ ಹೊತ್ತು ತಿಪ್ಪೆಯ ಬಳಿ ಬಿಟ್ಟು ಬರುವ ಅತ್ತೆ ಅವರು. ಶೆಟ್ಟಿಕೆರೆಯ ಈ ಮನೆಗೆ ಸೊಸೆಯಾಗಿ ಬಂದು ಭಾನು ಇನ್ನೂ ಒಂದು ಮಳೆಗಾಲ ಕಂಡಿರಲಿಲ್ಲ. ತುಮಕೂರಿನ ಕಾಲೇಜಿನ ಲ್ಯಾಬಿಗೆ ಹೊಸ ವೈರಿಂಗ್ ಮಾಡಿಸಲು ಬೀಗ ಬಿದ್ದಿದ್ದರಿಂದ, ನೀರಲ್ಲಿ ಬದುಕುವ ಈ ಚಪ್ಪಟೆ ಹುಳಗಳನ್ನು ಬಾಟಲಿಗಳ ಸಮೇತ ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿ ಬಂದಿದ್ದಳು.

"ತಲೆ ಇಲ್ವಾ? ಯಾರೇ ಕೊಯ್ದೋರು?"

"ಲ್ಯಾಬಲ್ಲೇ ಕೊಯ್ದಿತ್ತು ಅತ್ತೆ. ಇವಕ್ಕೆ ತಲೆ ಮತ್ತೆ ಬರುತ್ತೆ. ಕಣ್ಣೂ ಬರುತ್ತೆ."

ಕೊಯ್ದದ್ದು ತಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಸುವರ್ಣಮ್ಮ "ಶಿವನೇ" ಎಂದು ಗಲ್ಲಕ್ಕೆ ಬೆರಳಿಟ್ಟುಕೊಂಡು ಮತ್ತೆ ಕೇಳಿದರು. "ಬರೋದಾದ್ರೆ ಸುಮ್ಕೆ ಮಲಗಿಸಬಾರ್ದಾ? ತಿರುಗ್ಸೋದ್ಯಾಕೆ?"

"ಭೂಮಿ ಎಳೆಯೋದು ಯಾವ ಕಡೆಗೆ ಅಂತ ಅವಕ್ಕೆ ಗೊತ್ತಾಗ್ಬಾರ್ದು. ಆಗ್ಲೂ ತಲೆ ಸರಿಯಾದ ಜಾಗದಲ್ಲೇ ಬರುತ್ತಾ ಅಂತ ನೋಡ್ಬೇಕು. ಬಾಹ್ಯಾಕಾಶಕ್ಕೆ ಹೋಗಿ ಬಂದ ಒಂದು ಹುಳಕ್ಕೆ ಎರಡೂ ಕಡೆ ತಲೆ ಬಂದಿತ್ತಂತೆ."

"ಅಯ್ಯೋ! ಗಂಡಭೇರುಂಡ ಕಣೇ ಅದು!"

ಭಾನು ಚಿಕ್ಕವಳಿದ್ದಾಗ ಅವಳ ಅಜ್ಜಿಯ ಕಥೆಗಳಲ್ಲಿ, ಕಡಿದ ತಲೆಯನ್ನು ಮುಂಡಕ್ಕೆ ಸೇರಿಸಿ ಏಳು ಕೆರೆಯ ನೀರು ಚಿಮುಕಿಸಿದರೆ ರಾಜಕುಮಾರ ಆಕಳಿಸುತ್ತಾ ಎದ್ದು ಕೂರುತ್ತಿದ್ದ. ತಲೆ ಎಲ್ಲಿ ಮೂಡಬೇಕೆಂದು ಮುಂಡಕ್ಕೆ ಹೇಗೆ ತಿಳಿಯುತ್ತದೆ ಎಂಬುದನ್ನು ಮಾತ್ರ ಅಜ್ಜಿ ಹೇಳಿರಲಿಲ್ಲ. ಅದನ್ನೇ ಪಿಎಚ್‌ಡಿಯ ವಿಷಯ ಮಾಡಿಕೊಳ್ಳುವ ಆಸೆ ಅವಳದು. "ಲ್ಯಾಬು ತೆಗೆದ ದಿನ ಇದರ ಫಲಿತಾಂಶ ತೋರಿಸು. ಇಲ್ಲದಿದ್ದರೆ ಎಲ್ಲರ ಜೊತೆ ಮೀನಿನ ಮೇಲಿನ ಸಂಶೋಧನೆಗೆ ಸೇರಿಕೋ" ಎಂದು ಕಾಲೇಜಿನ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು.

ಮನೆಯಲ್ಲಿ ಅವಳು ಆರಿಸಿಕೊಂಡದ್ದು ಕೊಬ್ಬರಿ ಅಟ್ಟದ ಕೆಳಗಿನ ಕತ್ತಲೆ ಕೋಣೆಯನ್ನು. ಅಟ್ಟದ ಮೇಲೆ ವರ್ಷವಿಡೀ ಒಣಗುವ ಕಾಯಿಗಳನ್ನು ಕೊಬ್ಬರಿಯಾಗುವ ತನಕ ಯಾರೂ ಮುಟ್ಟುವುದಿಲ್ಲ. ಕೆಳಗೂ ಯಾರೂ ಬರಲಾರರು ಎಂದುಕೊಂಡಿದ್ದಳು. ಎರಡು ಕೊಳವೆಗಳು. ಒಂದು ಮೋಟಾರಿನಲ್ಲಿ ತಿರುಗುತ್ತಿತ್ತು, ಇನ್ನೊಂದು ಹೋಲಿಸಿ ನೋಡಲೆಂದು ಗೋಡೆಯ ಗೂಡಿನಲ್ಲಿ ಸುಮ್ಮನೆ ಕೂತಿತ್ತು.

ಅಂದಿನಿಂದ ಸುವರ್ಣಮ್ಮ ಹಾಲು ಕಾಯಿಸಿದ ಮೇಲೊಮ್ಮೆ, ಕಸ ಗುಡಿಸಿದ ಮೇಲೊಮ್ಮೆ ಬಂದು ಇಣುಕತೊಡಗಿದರು. "ತಲೆ ಬಂತೇನೆ?" ಎಂಬುದು ಮನೆಯ ಮಾತಾಗಿಬಿಟ್ಟಿತು. ಮಾವ ಶಂಭುಲಿಂಗಯ್ಯನವರೂ ತೋಟದಿಂದ ಬಂದು ಕಾಲು ತೊಳೆಯುತ್ತಾ ಅದನ್ನೇ ಕೇಳುತ್ತಿದ್ದರು.

ಒಂದು ಬೆಳಿಗ್ಗೆ ಭಾನು ಲೆನ್ಸು ಹಿಡಿದು ನೋಡಿದಳು. ಎರಡೂ ಕೊಳವೆಗಳ ಹುಳಗಳಿಗೆ ಬಿಳಿಯ ಮೊಗ್ಗಿನಂಥ ತುದಿ, ಅದರೊಳಗೆ ಮಸಿಯ ಚುಕ್ಕೆಯಂಥ ಕಣ್ಣು. "ಅತ್ತೆ, ಬಂತು!" ಎಂದು ಕೂಗಿದಳು.

ಸುವರ್ಣಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದರು. "ಎರಡಕ್ಕೂ ಬಂದ್ವಾ? ಬರ್ದೆ ಏನ್ ಮಾಡ್ತಾವೆ! ಒಂದಕ್ಕೇ ಕಷ್ಟ, ಒಂದಕ್ಕೇ ಸುಖ ಯಾಕೆ ಅಂತ ದಿನಾ ಮಧ್ಯಾಹ್ನ ನಾನೇ ಅದನ್ನ ಇಲ್ಲಿಗೂ ಇದನ್ನ ಅಲ್ಲಿಗೂ ಬದಲಾಯಿಸ್ತಿದ್ದೆ. ನೀನು ಮಲಗಿರ್ತಿದ್ದೆಲ್ಲ, ಎಬ್ಬಿಸ್ಲಿಲ್ಲ."

ಇಬ್ಬರು ಗಂಡುಮಕ್ಕಳಿಗೆ ಎಳನೀರಿನ ಗಂಜಿಯನ್ನೂ ಬೆರಳಲ್ಲಿ ಅಳೆದು ಎರಡು ಪಾಲು ಮಾಡುತ್ತಿದ್ದ ಜೀವ ಅದು. ಭಾನು ಲೆನ್ಸು ಕೆಳಗಿಟ್ಟು ಗೋಡೆಗೊರಗಿ ಕೂತಳು. ಎರಡೂ ತಿರುಗಿದ್ದವು, ಎರಡೂ ಕೂತಿದ್ದವು; ಹೋಲಿಸಲು ಏನೂ ಉಳಿದಿರಲಿಲ್ಲ. ಅಳು ತಡೆಯಲಾಗಲಿಲ್ಲ.

ಗಂಡ ಮಹಾಂತೇಶ ಬಂದು ವಿಷಯ ತಿಳಿದುಕೊಂಡು ನಗು ನುಂಗಿದ. "ತಲೆ ಬಂದದ್ದಂತೂ ನಿಜ ತಾನೆ? ಬರ್ಕಂಡು ಹೋಗು. ನಿಮ್ ಮೇಡಂ ಏನು ಅಟ್ಟದಲ್ಲಿ ಕೂತು ನೋಡಿದ್ರಾ?"

"ಸುಮ್ಕಿರಲಾ" ಎಂದರು ಸುವರ್ಣಮ್ಮ. "ಚೀಲದ ಮೇಲೆ ಒಳ್ಳೇ ಕೊಬ್ಬರಿ ಇಟ್ಟು ಅಡೀಲಿ ಕೌಟು ಹಿಡಿದು ಕೆಟ್ಟಿದ್ದನ್ನ ತುಂಬೋ ಬುದ್ಧಿ ಅವಳಿಗ್ಯಾಕೆ ಹೇಳ್ಕೊಡ್ತೀಯ? ಹೋಗು, ದನಕ್ಕೆ ನೀರು ತೋರ್ಸು." ಮಗ ಹೋದ ಮೇಲೆ ಸೊಸೆಯ ಪಕ್ಕ ಕುಕ್ಕರಗಾಲಲ್ಲಿ ಕೂತರು. "ನ್ಯಾಯ ಮಾಡ್ತಿದೀನಿ ಅನ್ಕಂಡೆ ಕಣವ್ವ. ಮತ್ತೆ ಮೊದಲಿಂದ ಮಾಡಕ್ಕಾಗಲ್ವಾ?"

"ಇವತ್ತೇ ಶುರು ಮಾಡಿದ್ರೆ ಲ್ಯಾಬು ತೆಗೆಯೋಷ್ಟರಲ್ಲಿ ಆಗುತ್ತೆ. ಇನ್ನೊಂದು ಬಾಟಲೀಲಿ ಇಡೀ ಹುಳ ಇವೆ. ಆದ್ರೆ..." ಭಾನು ಮೂಗೊರೆಸಿಕೊಂಡಳು. "ಇಲ್ಲೇ ಕೊಯ್ಬೇಕು ಅತ್ತೆ. ಈ ಮನೇಲೇ. ಅವತ್ತೂ ಕೊಯ್ದಿದ್ದು ನಾನೇ. ನಿಮಗೆ ಹೇಳ್ಲಿಲ್ಲ."

ಸುವರ್ಣಮ್ಮ ಅವಳ ಮುಖವನ್ನೇ ನೋಡಿದರು. ಮಂಡಿ ಹಿಡಿದುಕೊಂಡು ಎದ್ದು ಹೊರಗೆ ಹೋದರು.

ಭಾನು ಬಾಟಲಿಗಳನ್ನು ಚೀಲಕ್ಕೆ ತುಂಬತೊಡಗಿದಳು. ತುಂಬುತ್ತಿದ್ದಾಗಲೇ ಬಾಗಿಲಲ್ಲಿ ಬಳೆ ಸದ್ದಾಯಿತು. ಸುವರ್ಣಮ್ಮನ ಒಂದು ಕೈಯಲ್ಲಿ ಫ್ರಿಜ್ಜಿನ ಐಸು ತುಂಬಿದ ತಟ್ಟೆ, ಇನ್ನೊಂದರಲ್ಲಿ ಟಾರ್ಚು.

"ಲ್ಯಾಬಲ್ಲಿ ಐಸಿನ ಮೇಲಿಟ್ಟು ಕೊಯ್ತಾರೆ ಅಂತ ಅವತ್ತೊಂದಿನ ನೀನೇ ಅಂದಿದ್ದೆಲ್ಲ. ನೋವಾಗಲ್ಲ ತಾನೆ ಅವಕ್ಕೆ?"

"ತಣ್ಣಗಾದ್ರೆ ಅಲ್ಲಾಡಲ್ಲ ಅತ್ತೆ. ನೋವು... ನಂಗೆ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ಯಲ್ಲ, ಅಷ್ಟು ಸಾಕು ಬುಡು."

ಕೊರಳಲ್ಲಿದ್ದ ಲಿಂಗದ ಕರಡಿಗೆಯ ಮೇಲೆ ಸೆರಗು ಎಳೆದು, ಅದರ ಅಂಚನ್ನು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಂಡರು. ಟಾರ್ಚು ಹಾಕಿ ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಐಸಿನ ಮೇಲೆ ಹಾಸಿದ ಒದ್ದೆ ಕಾಗದಕ್ಕೆ ಭಾನು ಮೊದಲ ಹುಳವನ್ನು ಇಳಿಸಿ ಬ್ಲೇಡು ಎತ್ತಿಕೊಂಡಳು.

"ಆಯ್ತೇನೆ?"

"ಇನ್ನೂ ಇವೆ ಅತ್ತೆ."

ಅತ್ತೆಯ ಮುಖ ಗೋಡೆಯ ಕಡೆಗೇ ಇತ್ತು. ಬೆಳಕು ಮಾತ್ರ ತುಸು ಕೆಳಗಿಳಿದು, ಹತ್ತಿರ ಬಂದು, ತಟ್ಟೆಯ ನಡುವೆ ಅಲುಗದೆ ನಿಂತಿತು.