ಗಂಟಲಮಣಿ

ಬಾಟಲಿಯ ಮುಚ್ಚಳ ಕಿರ್ರೆಂದಿತು, ಲ್ಯಾಬಿನ ಬಾಗಿಲಾಚೆಯ ಬೆಂಚಿನಲ್ಲಿ ತಮ್ಮ ಮತ್ತೆ ನೀರು ಕುಡಿಯುತ್ತಿದ್ದಾನೆ, ಬನ್ನಿನ ಒಂದೊಂದು ಚೂರಿಗೂ ಒಂದೊಂದು ಗುಟುಕು, ಅಷ್ಟುದ್ದದ ಬಸ್ಸನ್ನು ಸಂದಿಗೊಂದಿಯಲ್ಲೆಲ್ಲ ನುಗ್ಗಿಸುತ್ತಿದ್ದ ಭೂಪನಿಗೆ ಬನ್ನಿನ ಚೂರು ಇಳಿಸಲಾಗುತ್ತಿಲ್ಲ — ಅವಳು ಕಂಪ್ಯೂಟರ್ ಪರದೆಯಿಂದ ಕಣ್ಣು ಕೀಳಲಿಲ್ಲ, ಎಡಗಡೆ ಆರು ವರ್ಷದ ಹಿಂದೆ ಅವನ ಅನ್ನನಾಳದಿಂದ ಚಿವುಟಿ ತೆಗೆದ ಚೂರಿನ ಜೀನುಗಳು, ಬಲಗಡೆ ಹೋದ ತಿಂಗಳು ಗಡ್ಡೆಯಿಂದ ತೆಗೆದ ಚೂರಿನವು, ಬಲಗಡೆ ಎಲ್ಲ ಅಲ್ಲೋಲಕಲ್ಲೋಲ, ಎರಡೆರಡಿರಬೇಕಾದ ವರ್ಣತಂತುಗಳು ಮೂರು ನಾಲ್ಕಾಗಿ, ಕೆಲವು ತುಂಡಾಗಿ, ಅದು ನಿರೀಕ್ಷಿಸಿದ್ದೇ, ಆದರೆ ಎಡಗಡೆ, ಕೆಟ್ಟ ಜೀವಕೋಶ ಬೆಳೆಯದಂತೆ ತಡೆಯುವ ಆ ಕಾವಲು ಜೀನಿನಲ್ಲಿ, ಜಿ ಇರಬೇಕಾದ ಕಡೆ ಎ, ಬಲಗಡೆಯೂ ಅದೇ ಜಾಗದಲ್ಲಿ ಅದೇ ಎ, ಡಿಎನ್ಎಯ ಒಂದೇ ಒಂದು ಅಕ್ಷರ, ಸೂಕ್ಷ್ಮದರ್ಶಕದಲ್ಲಿ ಆಗ ಯಾರಿಗೂ ಕಾಣುವಂಥದ್ದಲ್ಲ, ಹುಳಿ ಮೇಲೆ ಬಂದು ಬಂದು ಒಳಪದರ ಬದಲಾಗಿದೆ, ಕ್ಯಾನ್ಸರ್ ಅಲ್ಲ, ವರ್ಷಾವರ್ಷ ನೋಡಿಸ್ಕೊಳ್ಳಿ ಅಂದಿದ್ದರು ಡಾಕ್ಟರು, ಬದುಕಿದೆಯಾ ಬಡಜೀವವೇ ಎಂದು ಅವನು ಅವತ್ತು ಅವಳ ಊಟದ ಡಬ್ಬಿಯನ್ನೂ ಖಾಲಿ ಮಾಡಿದ್ದ, ನಿನ್ನ ಸಂಶೋಧನೆಗೆ ಬೇಕಾ ಅಕ್ಕಾ, ಒಂದು ಚೂರು ಹೆಚ್ಚಿಗೇ ತಗೋ, ನನ್ನ ಗಂಟಲೇನು ಸಣ್ಣದಾ — ಸಣ್ಣದಲ್ಲ, ಮೀಸೆ ಚಿಗುರುವ ಮೊದಲೇ ಕನ್ನಡಿ ಮುಂದೆ ನಿಂತು ಅಕ್ಕಾ, ನೋಡೇ, ಮಣಿ ಬಂತು ಎಂದು ಕತ್ತೆತ್ತಿ ಬರೀ ಉಗುಳು ನುಂಗಿ ತೋರಿಸಿದ್ದ, ಗಂಟಲಮಣಿ ಏರಿತು, ಇಳಿಯಿತು, ಸಾಕು ಹೋಗೋ ಎಂದು ನಕ್ಕರೆ ಇನ್ನೊಂದು ಸಲ.

ಹೋದ ವರ್ಷ ರಜ ಸಿಗಲಿಲ್ಲವೆಂದು ಪರೀಕ್ಷೆ ತಪ್ಪಿಸಿದ, ಈಗ ಅದನ್ನೇ ಹಿಡಿದು ಕೊರಗುತ್ತಾನೆ, ನಾನೇ ಕೈಯಾರೆ ತಂದ್ಕೊಂಡೆ ಅಲ್ವಾ ಅಕ್ಕಾ, ಹೆಂಡತಿ ಮಕ್ಕಳ ಮುಖ ಹೆಂಗೆ ನೋಡ್ಲಿ, ಹೋಗಿದ್ದರೆ ಚಿಕ್ಕದಿದ್ದಾಗಲೇ ಸಿಗುತ್ತಿತ್ತೇನೋ, ಸಿಗುತ್ತಿತ್ತು, ಅವಳಿಗೆ ಗೊತ್ತು, ಅದನ್ನು ಅವಳು ಸಾಯುವತನಕ ಹೇಳುವುದಿಲ್ಲ, ಈ ಒಂದು ಅಕ್ಷರವನ್ನು ಮಾತ್ರ ಹೇಳುತ್ತಾಳೆ — ಬಾಗಿಲು ತೆರೆದಳು, ಪಕ್ಕದಲ್ಲಿ ಕೂತಳು, ಆವಾಗ್ಲೇ ಶುರುವಾಗಿತ್ತು ಕಣೋ, ಆರು ವರ್ಷದ ಹಿಂದೇನೇ, ನೀನು ತಂದ್ಕೊಂಡಿದ್ದಲ್ಲ, ಹೌದಾ, ಆಣೆಗೂ, ಆಣೆಗೂ ಕಣೋ, ಅಯ್ಯೋ ಅವನ ಮುಖ ಎಷ್ಟು ಅರಳಿತು, ಸಾವು ಆಗಲೇ ಶುರುವಾಗಿತ್ತೆಂಬ ಸುದ್ದಿಗೆ ಯಾರಾದರೂ ಹೀಗೆ ಖುಷಿಪಡುತ್ತಾರೆಯೇ, ಸದ್ಯ ಕಣೇ, ತಲೆ ಮೇಲಿನ ಹೊರೆ ಹೋದಂಗಾಯ್ತು, ನಗುತ್ತಲೇ ದೊಡ್ಡದೊಂದು ಚೂರು ಮುರಿದು ಬಾಯಿಗಿಟ್ಟ, ಅಷ್ಟು ದೊಡ್ಡದು ಬೇಡ್ವೋ, ಕತ್ತೆತ್ತಿದ, ಗಂಟಲಮಣಿ ಏರಿತು, ಇಳಿಯಿತು, ತುತ್ತು ಇಳಿಯಲಿಲ್ಲ, ನೀರು, ಮಣಿ ಏರಿತು, ಅಕ್ಕಾ, ನೋಡೇ, ಇಳಿಯಿತು, ಇನ್ನೊಂದು ಸಲ, ಏರಿತು