ಒಸಾಕಾ ಖಾನಾವಳಿಯ ಜಪಾನಿ

ಧಾರವಾಡದ ಸಪ್ತಾಪುರದಲ್ಲಿ ಜಪಾನಿ ಊಟ ಸಿಗುತ್ತದೆ ಎಂದರೆ ಹುಬ್ಬಳ್ಳಿಯವರು ಇನ್ನೂ ನಗುತ್ತಾರೆ. ನಗಲಿ. ಅವರ ಗೋಕುಲ ರಸ್ತೆಯಲ್ಲಿ ಅದೇ ಊಟಕ್ಕೆ ಎಸಿ ಹಾಕಿ, ಮಂದ ದೀಪ ಹಚ್ಚಿ, ಕಣ್ಣು ಕುಕ್ಕುವಂಥ ಬಿಲ್ಲು ಕೈಗಿಡುತ್ತಾರೆ. ನಮ್ಮಲ್ಲಿ ಚನ್ನಯ್ಯನ ಖಾನಾವಳಿ ಇದ್ದ ಜಾಗದಲ್ಲೇ, ಅದೇ ಕಟ್ಟಿಗೆಯ ಬೆಂಚಿನ ಮೇಲೆ ಕೂತು, ಅದೇ ಸ್ಟೀಲಿನ ತಾಟಿನಲ್ಲಿ ಅಗ್ಗದಲ್ಲಿ ಹೊಟ್ಟೆ ತುಂಬ ತಿನ್ನಬಹುದು. ಚನ್ನಯ್ಯ ತೀರಿಕೊಂಡ ಮೇಲೆ ಮಗ ಪ್ರಸಾದ ರೊಟ್ಟಿಯ ಹಂಚನ್ನು ಅಟ್ಟಕ್ಕೇರಿಸಿ, ಬಾಗಿಲಿಗೆ ಕೆಂಪು ಕಾಗದದ ದೀಪ ತೂಗುಬಿಟ್ಟು, ‘ಒಸಾಕಾ ಖಾನಾವಳಿ, ಶುದ್ಧ ಶಾಕಾಹಾರಿ’ ಎಂದು ಬೋರ್ಡು ಹಾಕಿದ. ಬಿಸಿ ಸಾರಿನಲ್ಲಿ ದಪ್ಪ ನೂಡಲ್ಸು. ಹುಳಿ ಹಾಕಿದ ಅನ್ನದ ನಡುವೆ ಗಜ್ಜರಿ, ಸೌತೆಕಾಯಿ ಇಟ್ಟು, ಕಡಲಪಾಚಿಯ ಕರಿ ಹಾಳೆಯಲ್ಲಿ ಸುತ್ತಿ ಕತ್ತರಿಸಿದ ಸುಶಿ. ಮೊದಲು ಕಾಲೇಜು ಹುಡುಗರು ಬಂದರು, ಅವರ ಹಿಂದೆ ಪ್ರೊಫೆಸರರು, ಆಮೇಲೆ ಸಂಸಾರಸಮೇತ ಎಲ್ಲರೂ.

ಬಂದದ್ದು ಊಟಕ್ಕೆ ಎಂದು ಅವರು ಹೇಳಿಕೊಳ್ಳಲಿ. ಬಂದದ್ದು ಜಪಾನಿಯನ್ನು ನೋಡಲಿಕ್ಕೆ. ತಲೆಗೆ ಬಿಳಿ ಪಟ್ಟಿ ಕಟ್ಟಿ, ಗಿರಾಕಿಗಳ ಕಣ್ಣೆದುರೇ ಸುಶಿ ಸುತ್ತುತ್ತ, ಬಂದವರಿಗೆ ಸೊಂಟ ಬಗ್ಗಿಸಿ ‘ಇರಾಶಾಯ್‌ಮಾಸೆ’, ಹೋಗುವವರಿಗೆ ‘ಅರಿಗಾತೋ’ ಎನ್ನುತ್ತಿದ್ದ. ತನಾಕಾ ಎಂದು ಅವನ ಹೆಸರು. ಅವನ ಜೊತೆ ಫೋಟೋ ತೆಗೆಸಿಕೊಳ್ಳದ ಹುಡುಗಿ ನಮ್ಮ ಕಾಲೇಜುಗಳಲ್ಲಿ ಸಿಗಲಿಕ್ಕಿಲ್ಲ.

ತನಾಕಾನ ನಿಜವಾದ ಹೆಸರು ನೋರ್ಬು. ಮುಂಡಗೋಡದ ಟಿಬೆಟನ್ ಕಾಲನಿಯವನು. ಅಪ್ಪ ಅವ್ವ ಧಾರವಾಡದ ಫುಟ್‌ಪಾತಿನಲ್ಲಿ ಸ್ವೆಟರು ಮಾರುತ್ತಿದ್ದರು, ಮಗನನ್ನು ಇಲ್ಲಿಯ ಕನ್ನಡ ಶಾಲೆಗೇ ಹಾಕಿದ್ದರು. ಗೋವಾದ ಒಂದು ಜಪಾನಿ ಹೋಟೆಲಿನಲ್ಲಿ ಪಾತ್ರೆ ತಿಕ್ಕುತ್ತ ಅಡಿಗೆ ಕಲಿತ. ಜಪಾನನ್ನು ನಮ್ಮ ನಿಮ್ಮಷ್ಟೇ ನೋಡಿದವನು.

ಕೆಲಸಕ್ಕೆ ಇಟ್ಟುಕೊಂಡ ದಿನವೇ ಪ್ರಸಾದ ಶರತ್ತು ಹೇಳಿದ್ದ. “ಮಂದಿ ಮುಂದ ಕನ್ನಡ ಮಾತಾಡಬ್ಯಾಡ. ನೀ ಕನ್ನಡ ಮಾತಾಡಿದಿ ಅಂದ್ರ ನನ್ನ ಸುಶಿ ಬರೇ ಚಿತ್ರಾನ್ನ ಆಗತೈತಿ. ಒಂದ ಮಾತು ಬಾಯಿಂದ ಬಿತ್ತೋ, ಅವತ್ತ ಖೋಲಿ ಖಾಲಿ ಮಾಡಬೇಕು.”

ಖೋಲಿ ಎಂದರೆ ಖಾನಾವಳಿಯ ಹಿಂದಿನ, ಮೊದಲು ಕಟ್ಟಿಗೆ ಒಟ್ಟುತ್ತಿದ್ದ ಕೋಣೆ. ಅಲ್ಲಿ ನೋರ್ಬುವಿನ ಹೆಂಡತಿ ಪೇಮಾ ಇದ್ದಳು, ತುಂಬು ಬಸುರಿ. ಈ ಕೋಣೆ ಸಿಗುವ ಮೊದಲು ಇಬ್ಬರೂ ಸಪ್ತಾಪುರದ ಓಣಿ ಓಣಿ ಅಲೆದಿದ್ದರು. ಎಲ್ಲ ಕಡೆ ಮನೆ ಮಾಲಕರು ಮೊದಲು ಇವರ ಮುಖ ನೋಡಿ, ಆಮೇಲೆ ‘ನೀವು ಏನೇನ ತಿಂತೀರಿ’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಾಗಿಲು ಹಾಕಿಕೊಂಡಿದ್ದರು. ಹಾಗಾಗಿ ನೋರ್ಬು ಬಾಯಿಗೆ ಬೀಗ ಹಾಕಿಕೊಂಡ.

ಎದುರಿಗಿದ್ದವನಿಗೆ ನಮ್ಮ ಭಾಷೆ ತಿಳಿಯುವುದಿಲ್ಲ ಎಂದಾದರೆ ನಾವು ಎಂಥ ಮಂದಿ ಎಂದು ತಿಳಿಯಲು ಒಸಾಕಾ ಖಾನಾವಳಿಯಲ್ಲಿ ಒಂದು ಮಧ್ಯಾಹ್ನ ಕೂತರೆ ಸಾಕಿತ್ತು. ಹುಡುಗರು ಕೈ ಮುಗಿದು, ಸಕ್ಕರೆಯಂಥ ದನಿಯಲ್ಲಿ, ಅವನ ತಾಯಿಯನ್ನೇ ಎತ್ತಿ ಬೈಯುತ್ತಿದ್ದರು. ಅವನು ಬಗ್ಗಿ ‘ಅರಿಗಾತೋ’ ಎಂದರೆ ಬೆಂಚು ಅಲ್ಲಾಡುವಂತೆ ನಗು. ಭಜನಾ ಮಂಡಳಿಯ ಲಕ್ಷ್ಮೀಬಾಯಿ ಗೆಳತಿಯರೊಂದಿಗೆ ಅವನ ಎದುರಿನ ಜಾಗವನ್ನೇ ಹಿಡಿಯುತ್ತಿದ್ದರು. ಸೊಸೆ ಸುರಭಿಗೆ ಮಕ್ಕಳಾಗದ್ದು, ಮಗನಿಗೆ ಗುಟ್ಟಾಗಿ ಬೇರೆ ಹುಡುಗಿ ನೋಡುತ್ತಿರುವುದು, ಎಲ್ಲವನ್ನೂ ಅಲ್ಲಿಯೇ ಹೇಳಿಕೊಳ್ಳುತ್ತಿದ್ದರು. ನಡುನಡುವೆ ನೋರ್ಬುವಿನ ಕೈ ನೋಡಿ, “ಇವರು ನಾಯಿ ಸೈತ ತಿಂತಾರಂತ. ಕೈ ತೊಳಕೊಂಡಾನೋ ಇಲ್ಲೋ ಯಾರಿಗೊತ್ತು,” ಎಂದು ಮುಖ ಸಿಂಡರಿಸಿ, ಇನ್ನೊಂದು ಪ್ಲೇಟು ತರಿಸುತ್ತಿದ್ದರು. ಪೇಮಾಳ ಮುಂದೆ ಅವನು ಇದೊಂದನ್ನೂ ಹೇಳುತ್ತಿರಲಿಲ್ಲ.

ಒಂದು ರವಿವಾರ ಬಿಂದುಮಾಧವ ಮಾಸ್ತರರು ಮೊಮ್ಮಗಳು ಗಾರ್ಗಿಯ ಕೈ ಹಿಡಿದು ಮೆಟ್ಟಿಲು ಹತ್ತಿದರು. ನೋರ್ಬು ಬಗ್ಗಿದವನು ಏಳುವುದನ್ನೇ ಮರೆತ. ಅವನಿಗೆ ಕನ್ನಡ ಕಲಿಸಿದವರು ಅವರು. ರಾಜ್ಯೋತ್ಸವದ ದಿನ ಅವನ ಭಾಷಣ ಮುಗಿದಾಗ ಇಡೀ ಶಾಲೆಯ ಎದುರಿಗೆ ಹೆಗಲ ಮೇಲೆ ಕೈಯಿಟ್ಟು, “ಇಂವಾ ನಮ್ಮಂವಾ,” ಎಂದಿದ್ದರು. ಅಂದು ಮನೆಗೆ ಕರೆದು ಹೋಳಿಗೆಯನ್ನೂ ಹಾಕಿಸಿದ್ದರು. ಹಾಕಿಸಿದ್ದು ಹೊರಗಿನ ಕಟ್ಟೆಯ ಮೇಲೆ, ಉಂಡ ತಾಟನ್ನು ಅವನೇ ತೊಳೆದಿಟ್ಟಿದ್ದ. ಕಟ್ಟೆಯನ್ನೂ ತಾಟನ್ನೂ ನೋರ್ಬು ಯಾವತ್ತೋ ಮರೆತಿದ್ದ. ಆ ಒಂದು ಮಾತನ್ನು ಮಾತ್ರ ಗೋವಾಕ್ಕೂ ಒಯ್ದು ವಾಪಸು ತಂದಿದ್ದ.

ಹುಡುಗರೂ ಲಕ್ಷ್ಮೀಬಾಯಿಯ ಗುಂಪೂ ಆಗಲೇ ಬೆಂಚು ಹಿಡಿದಿದ್ದವು. ಮಾಸ್ತರರು ಅವನ ಎದುರಿಗೇ ಕೂತರು. ಗಾರ್ಗಿ ಮೊಬೈಲು ತೆಗೆದು ವಿಡಿಯೋ ಶುರು ಮಾಡಿದಳು.

“ಅಜ್ಜಾ, ಖಾರ ತಿನಬ್ಯಾಡ. ಹಾರ್ಟ್ ಆಪರೇಶನ್ ಆಗಿ ಇನ್ನೂ ತಿಂಗಳಾಗಿಲ್ಲ.”

“ಜಪಾನ್ಯಾಗ ಏನ್ ಖಾರ ಇರ್ತದ, ನಮ್ಮ ಖಾರದ ಮುಂದ,” ಎಂದರು ಮಾಸ್ತರರು. ನೋರ್ಬುವನ್ನು ಒಮ್ಮೆ ನೋಡಿ ಮೊಮ್ಮಗಳ ಕಡೆ ತಿರುಗಿದರು. “ನನ್ನ ಕ್ಲಾಸಿನ್ಯಾಗ ಇಂಥಾಂವನ ಒಬ್ಬ ಇದ್ದ, ಮುಂಡಗೋಡದಾಂವಾ. ನೋರ್ಬು ಅಂತ. ನೋರ್ಬ್ಯಾ ಅಂತಿದ್ದೆ ನಾನು. ಅಂವಾ ಭಾಷಣಾ ಮಾಡಿದ್ರ ಎಲ್ಲಾರೂ ಬಾಯಿ ತಕ್ಕೊಂಡು ಕೇಳ್ತಿದ್ರು. ಬರದು ಕೊಟ್ಟಾಂವಾ ನಾನ.”

“ಈಗ ಎಲ್ಲಿದ್ದಾನ?”

“ಎಲ್ಲ್ಯರೆ ಸ್ವೆಟರ್ ಮಾರ್ಲಿಕತ್ತಿರಬೇಕು.”

“ಇಂವನಂಗ ಇದ್ದನೇನು ನೋಡಲಿಕ್ಕೆ?”

ಮಾಸ್ತರರು ಕನ್ನಡಕ ಸರಿ ಮಾಡಿಕೊಂಡು ನೋರ್ಬುವಿನ ಮುಖವನ್ನು ದಿಟ್ಟಿಸಿದರು. “ಇವರದೆಲ್ಲಾ ಮಾರಿ ಒಂದ ನಮೂನಿ. ಗುರ್ತು ಹೆಂಗ ಹಿಡಿಯೂದು,” ಎಂದರು.

ನೋರ್ಬುವಿನ ಕೈಯಲ್ಲಿ ಸುಶಿ ಬಿಚ್ಚಿಕೊಂಡಿತು. ಇನ್ನೊಂದು ಸುತ್ತಿದ. ತಾಟಿನ ಮೂಲೆಯಲ್ಲಿ ಸಾಸಿವೆಯ ಘಾಟಿನಂತೆ ಮೂಗಿಗೆ ಹೊಡೆಯುವ ಹಸಿರು ವಸಾಬಿಯನ್ನು ಉಗುರಿನಷ್ಟೇ ಹಚ್ಚಿ ಮಾಸ್ತರರ ಮುಂದಿಟ್ಟ. ವಿಡಿಯೋದಲ್ಲಿ ಹಸಿರು ಕಾಣುವುದಿಲ್ಲ ಎಂದು ಗಾರ್ಗಿ ರಾಗ ಎಳೆದಳು. ಪ್ರಸಾದ ಗಲ್ಲಾ ಬಿಟ್ಟು ಬಂದು ಟ್ಯೂಬು ಹಿಂಡಿ ನಿಂಬೆಹಣ್ಣಿನಷ್ಟು ವಸಾಬಿ ಹಾಕಿ ಹೋದ.

ಧಾರವಾಡದವರಿಗೆ ತಾಟಿನ ಮೂಲೆಯಲ್ಲಿ ಹಸಿರಾಗಿ ಏನಿದ್ದರೂ ಅದು ಚಟ್ನಿಯೇ. ಮಾಸ್ತರರು ಆ ಮುದ್ದೆಯನ್ನು ಪೂರ್ತಿ ಬಳಿದು, ರೊಟ್ಟಿಯ ಮೇಲೆ ಸವರಿದಂತೆ ಸುಶಿಯ ಮೇಲೆ ಸವರಿದರು. ನೋರ್ಬು ಕೈ ಆಡಿಸಿ ಬೇಡ ಎಂದು ಸನ್ನೆ ಮಾಡಿದ. “ತಿನ್ನು ಅನ್ಲಿಕತ್ತಾನ ನೋಡು,” ಎಂದು ಗಾರ್ಗಿ ನಕ್ಕಳು. ಗಲ್ಲಾದಿಂದ ಪ್ರಸಾದ ನೋರ್ಬುವನ್ನೇ ನೋಡುತ್ತ, ಮೆಲ್ಲಗೆ ತಲೆ ಅಲ್ಲಾಡಿಸಿದ. ಹಿಂದಿನ ಕೋಣೆಯಲ್ಲಿ ಪೇಮಾ ಕೆಮ್ಮಿದ್ದು ಕೇಳಿಸಿತು. ಮಾಸ್ತರರು ಸುಶಿ ಎತ್ತಿ ಬಾಯಿ ತೆರೆದರು.

“ಬ್ಯಾಡ್ರಿ ಸರ್. ಅದು ಚಟ್ನಿ ಅಲ್ಲರಿ. ಒಮ್ಮೆಲೆ ನೆತ್ತಿಗೇರತೈತ್ರಿ. ನಿಮ್ಮ ಎದಿ ತಡಿಯೂದಿಲ್ಲ.”

ಉಣ್ಣುತ್ತಿದ್ದವರೆಲ್ಲ ಇತ್ತ ತಿರುಗಿದರು. ಮಾಸ್ತರರ ಕೈಯಿಂದ ಸುಶಿ ಜಾರಿ ತಾಟಿಗೆ ಬಿತ್ತು. ನೋರ್ಬು ತಲೆಯ ಪಟ್ಟಿ ಬಿಚ್ಚಿ, “ನಾನ ರಿ ಸರ್, ನೋರ್ಬು,” ಎಂದ. ಹಾಗೆ ಹೇಳುವಾಗ ಅವನ ಮುಖದಲ್ಲಿ ನಗು ಇತ್ತು, ಹುಚ್ಚ.

“ನೋರ್ಬ್ಯಾ...” ಎಂದರು ಮಾಸ್ತರರು. ಗುರುತು ಸಿಕ್ಕಿತ್ತು. ಎದುರಿಗೆ ಕೂತವರೆಲ್ಲ ಅದನ್ನು ಕೇಳಿದರು.

ಅಷ್ಟರಲ್ಲಿ ಲಕ್ಷ್ಮೀಬಾಯಿ ಎದ್ದು ನಿಂತರು. ಅವರ ಮುಖ ಬಿಳಿಚಿತ್ತು. “ಇಷ್ಟ ದಿವಸ ಎಲ್ಲಾ ಕೇಳಿಸ್ಕೊಂಡು ಸುಮ್ಮನ ನಿಂತಿದ್ಯಲ್ಲೋ. ಮಂದಿ ಮನಿ ಮಾತು ಕದ್ದು ಕೇಳ್ಲಿಕ್ಕೆ ನಾಚಿಕಿ ಆಗಲಿಲ್ಲೇನು ನಿನಗ?” ತಾಯಿಯನ್ನು ಎತ್ತಿ ಬೈದ ಹುಡುಗರಿಗೆ ಇನ್ನೂ ಹೆಚ್ಚು ಸಿಟ್ಟು ಬಂದಿತ್ತು. ಮೋಸಗಾರ ಎಂದು ಒಬ್ಬ ಕೂಗಿದ, ಪೊಲೀಸರನ್ನು ಕರೆಯಿರಿ ಎಂದು ಇನ್ನೊಬ್ಬ. ಬೈದದ್ದು ತಪ್ಪಲ್ಲ, ಅದು ತಿಳಿದದ್ದು ತಪ್ಪು. ನಮ್ಮೂರಿನ ನ್ಯಾಯ ಇದು.

ಪ್ರಸಾದ ನಿಂತಲ್ಲೇ ಕೈ ಮುಗಿದ. “ನನಗೂ ಮೋಸ ಆಗೇತ್ರಿ. ಜಪಾನದಂವಾ ಅಂತ ಹೇಳಿ ಸೇರಕೊಂಡಾನ. ಊರಾಗ ಯಾರಿಗರೆ ಇಂವನ ಗುರ್ತು ಐತೇನ್ರಿ? ದೊಡ್ಡವರು ಒಬ್ರು ಹೂಂ ಅಂದ್ರ ಇಟಗೋತೇನಿ, ಇಲ್ಲಂದ್ರ ಈಗ ಹೊರಗ ಹಾಕ್ತೇನಿ.” ಕೇಳುವಾಗ ಮಾಸ್ತರರನ್ನೇ ನೋಡಿದ. ಪ್ರಸಾದ ಕೆಟ್ಟವನು, ಆದರೆ ಇಂಥ ಅಡಿಗೆಯವನು ಸುಮ್ಮನೆ ಸಿಗುವುದಿಲ್ಲ ಎಂದು ತಿಳಿದ ಕೆಟ್ಟವನು. ಮಾಸ್ತರರ ಒಂದು ಮಾತಿಗೆ ಸಪ್ತಾಪುರ ತಣ್ಣಗಾಗುತ್ತಿತ್ತು.

ನೋರ್ಬುವೂ ಅವರನ್ನೇ ನೋಡಿದ. ಮಾಸ್ತರರು ಲಕ್ಷ್ಮೀಬಾಯಿಯನ್ನು ನೋಡಿದರು, ಹುಡುಗರನ್ನು ನೋಡಿದರು, ಗಾರ್ಗಿಯ ಕೈಯಲ್ಲಿ ಇನ್ನೂ ಓಡುತ್ತಿದ್ದ ಮೊಬೈಲನ್ನು ನೋಡಿದರು. ‘ಇವರದೆಲ್ಲಾ ಮಾರಿ ಒಂದ ನಮೂನಿ’ ಎಂದು ಈಗಷ್ಟೇ ತಾವು ಆಡಿದ ಮಾತು ಅದರೊಳಗಿತ್ತು.

“ನಾ ಕಲಿಸಿದ ಹುಡುಗ ಹಿಂಗ ಹೊಟ್ಟಿಗೆ ವೇಷಾ ಹಾಕೂದಿಲ್ಲ,” ಎಂದರು. “ಆ ನೋರ್ಬು ಬ್ಯಾರೆ. ಇಂವನ್ನ ನಾ ಅರಿಯೆ.”

ಹೊಟ್ಟೆಗಲ್ಲದೆ ಮತ್ಯಾತಕ್ಕೆ ವೇಷ ಹಾಕುತ್ತಾರೆ ಮನುಷ್ಯರು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಸಂಜೆಯೊಳಗೆ ಕೋಣೆ ಖಾಲಿಯಾಯಿತು. ಪೇಮಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಟ್ರಂಕಿನ ಮೇಲೆ ರಸ್ತೆ ಬದಿಗೆ ಕೂತಿದ್ದಳು. ಏನಾಯಿತೆಂದು ಅವಳು ಕೇಳಿದಳು. ನೋರ್ಬು ಅವಳನ್ನು ಎಬ್ಬಿಸಿ ಟ್ರಂಕು ಹೆಗಲಿಗೇರಿಸಿದ. ಮುಂಡಗೋಡದ ಬಸ್ಸು ಹಿಡಿಯುವ ತನಕ ದಾರಿಯಲ್ಲಿ ಅವರನ್ನು ಮಾತಾಡಿಸಿದವರಿಲ್ಲ.

ಹೊಸ ಜಪಾನಿಯನ್ನು ಪ್ರಸಾದ ಬೇಗನೆ ಹುಡುಕಿದ. ಮಣಿಪುರದ ಹುಡುಗ. ಅವನಿಗೆ ಕನ್ನಡ ಬರುವುದಿಲ್ಲ ಎಂದು ನಾಲ್ಕು ಜನರೆದುರು ಪರೀಕ್ಷೆ ಮಾಡಿಯೇ ತಲೆಗೆ ಪಟ್ಟಿ ಕಟ್ಟಿಸಿದ. ಅವನು ಸುತ್ತಿದ ಸುಶಿ ತಾಟಿಗೆ ಬರುವಷ್ಟರಲ್ಲಿ ಬಿಚ್ಚಿಕೊಳ್ಳುತ್ತದೆ. ಆದರೂ ಬೆಂಚುಗಳು ತುಂಬಿವೆ. ಲಕ್ಷ್ಮೀಬಾಯಿ ತಮ್ಮ ಜಾಗಕ್ಕೆ ಮರಳಿದ್ದಾರೆ.

ಮಾಸ್ತರರೂ ಬರುತ್ತಾರೆ. ಮೊನ್ನೆ ಹಳೆಯ ಸಹೋದ್ಯೋಗಿ ಬಾಳಕೃಷ್ಣರನ್ನು ಕರೆತಂದಿದ್ದರು. “ಇಂವಾ ಖರೇ ಜಪಾನಿ ಹೌದಲ್ಲೋ?” ಎಂದು ಪ್ರಸಾದನನ್ನು ಕೇಳಿದರು. “ಹೌದ್ರಿ ಸರ್,” ಎಂದ ಪ್ರಸಾದ. ತಾಟು ಬಂತು. ಬಾಳಕೃಷ್ಣ ಹಸಿರು ಮುದ್ದೆಗೆ ಬೆರಳು ಹಚ್ಚಿದ್ದೇ, ಮಾಸ್ತರರು ಅವರ ಕೈ ಹಿಡಿದು ನಿಲ್ಲಿಸಿದರು.

“ಬ್ಯಾಡ್ರಿ. ಅದು ಚಟ್ನಿ ಅಲ್ಲ, ಒಮ್ಮೆಲೆ ನೆತ್ತಿಗೇರ್ತದ.”

“ನಿಮಗ ಹೆಂಗ ಗೊತ್ರಿ?” ಎಂದರು ಬಾಳಕೃಷ್ಣ.

“ಓದೇನಿ,” ಎಂದರು ಮಾಸ್ತರರು.