ಸಾವ್ಕಾರರ ಮನೆಯ ಹೊಟ್ಟಿನ ಒಲೆ

"ಅಲ್ಲೇ ನಿಂದ್ರಲೇ ಉಚ್ಚೆಂಗಿ! ಆ ಕಲ್ಲು ದಾಟಿದ್ರ ಕಾಲ್ ಮುರಿತೀನಿ ನೋಡು!"

ಕೂಗಿದವಳು ಮುದುಕಮ್ಮ, ಜಡೆಪ್ಪ ಸಾವ್ಕಾರನ ತಾಯಿ. ನಮ್ಮವ್ವನ ಕಾಲು ಮುರಿಯುವ ಮಾತಿರಲಿ, ಗೋಡೆ ಹಿಡಿಯದೆ ಆ ಮುದುಕಿಗೆ ಎದ್ದು ನಿಲ್ಲಲಿಕ್ಕೂ ಆಗುತ್ತಿರಲಿಲ್ಲ. ಆದರೂ ಅವ್ವ ನಿಂತಳು. ಸಾವ್ಕಾರರ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿದೆ. ಅದರ ಈಚೆಗೆ ನಮ್ಮ ಕೇರಿಯವರು, ಆಚೆಗೆ ಅವರು. ಕಲ್ಲಿಗೇನೂ ಗೊತ್ತಿಲ್ಲ ಪಾಪ, ಅದು ಸುಮ್ಮನೆ ಬಿದ್ದಿದೆ.

"ಒಲಿ ಹಚ್ಚೂದು ಕಲಿಸಾಕ ಬಾ ಅಂತ ಕರದೋರು ನೀವ ಅಲ್ರೀ ದೊಡ್ಡವ್ವಾರ?" ಎಂದಳು ಅವ್ವ.

"ಕಲಿಸು, ಯಾರ್ ಬ್ಯಾಡಂದ್ರು? ಬಾಯಿಲೆ ಕಲಿಸು. ಕೈ ಯಾಕ ಬೇಕು ನಿನಗ?"

ನಾನು ಬೆನ್ನ ಮೇಲೆ ಹೊಟ್ಟಿನ ಚೀಲ ಹೊತ್ತು ಪಕ್ಕದಲ್ಲೇ ನಿಂತಿದ್ದೆ. ನಾನು ಹುಲುಗಪ್ಪ, ಜಡೆಪ್ಪನ ಅಕ್ಕಿ ಗಿರಣಿಯಲ್ಲಿ ಹಮಾಲಿ. ಅವತ್ತು ಮುಂಜಾನೆಯಿಂದ ಗಿರಣಿಯ ಹೊಟ್ಟನ್ನು ಚೀಲಕ್ಕೆ ತುಂಬಿ ಮನೆಗೆ ಹೊರುವುದೇ ನನ್ನ ಕೆಲಸ. ನಾನು ಕಲ್ಲಿನ ತನಕ ತಂದು ಇಳಿಸಬೇಕು. ಮುದುಕಮ್ಮ ತಂಬಿಗೆ ನೀರಿಗೆ ಚಿಟಿಕೆ ವಿಭೂತಿ ಹಾಕಿ ಚೀಲದ ಮೇಲೆ ನಾಲ್ಕು ಹನಿ ಚಿಮುಕಿಸಬೇಕು. ಅಲ್ಲಿಂದ ಮನೆಯ ಆಳು ಎರ್ರೆಪ್ಪ ಅದನ್ನು ಎತ್ತಿ ತಗಡಿನ ಶೆಡ್ಡಿಗೆ ಒಯ್ಯಬೇಕು. ಎರ್ರೆಪ್ಪ ನಮ್ಮ ಕೇರಿಯವನಲ್ಲ, ಆದ್ದರಿಂದ ಅವನ ಬೆನ್ನು ಶುದ್ಧ. ನಾಲ್ಕು ಹನಿಯಲ್ಲಿ ನನ್ನ ಬೆವರು ಹೋಗುತ್ತಿದ್ದರೆ ನಾನು ದಿನಾ ಸ್ನಾನ ಮಾಡುವುದೇ ದಂಡ.

ಎಲ್ಲೋ ಇರಾಕಿನಲ್ಲಿ ಬಾಂಬು ಬಿದ್ದರೆ ಕಂಪ್ಲಿಯಲ್ಲಿ ನಮ್ಮ ಒಲೆ ಆರುತ್ತದೆಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಆದದ್ದು ಮಾತ್ರ ಅದೇ. ತೊಂಬತ್ತೊಂದರ ಸಂಕ್ರಾಂತಿ ಕಳೆದು ವಾರವಾಗಿತ್ತು. ಕುವೈತಿನ ಬಾವಿಗಳು ಹತ್ತಿ ಉರಿಯುತ್ತವಂತೆ, ಎಣ್ಣೆಯ ಹಡಗು ಬರುವುದಿಲ್ಲವಂತೆ ಎಂದು ರೇಡಿಯೋ ಹೇಳಿತು. ಅದನ್ನು ಕೇಳಿದ ಕೂಡಲೇ ಜಡೆಪ್ಪ ಸಾವ್ಕಾರ ಸದ್ದಾಮನೇ ನೆಟ್ಟಗೆ ಕಂಪ್ಲಿಗೆ ಬರುತ್ತಾನೆ ಎನ್ನುವಂತೆ ಹೆದರಿಬಿಟ್ಟ. ಹೊಸಪೇಟೆಯಿಂದ ಗ್ಯಾಸಿನ ಸಿಲಿಂಡರು ತರಿಸಿದ. ಎಲ್ಲಿಂದಲೋ ಒಂದು ಡ್ರಮ್ಮು ಸೀಮೆಎಣ್ಣೆ ಬಂತು. ನಾವು ಕಾರ್ಡು ಹಿಡಿದು ಸಾಲಿನಲ್ಲಿ ನಿಂತರೆ ಅರ್ಧ ಬಾಟಲಿಯೂ ಸಿಗುತ್ತಿರಲಿಲ್ಲ. ಸಾಲಿನಲ್ಲಿ ನಿಲ್ಲದವರಿಗೆ ಡ್ರಮ್ಮೇ ಸಿಕ್ಕಿತು. ಆಮೇಲೆ ಜಾಲಿಕಟ್ಟಿಗೆ ಬಂತು, ಕುಳ್ಳು ಬಂತು. ಎಲ್ಲ ಬಂದ ಮೇಲೆ ಅವನ ಕಣ್ಣು ಹೊಟ್ಟಿನ ಮೇಲೆ ಬಿತ್ತು.

ಹೊಟ್ಟು ನಮ್ಮದು. ಯಾರೂ ಬರೆದುಕೊಟ್ಟಿರಲಿಲ್ಲ, ಆದರೂ ನಮ್ಮದು. ಕಾಲುವೆ ಬಂದ ಮೇಲೆ ಈ ಸೀಮೆಯಲ್ಲಿ ಭತ್ತಕ್ಕೇನು ಬರ? ಗಿರಣಿ ಹೊಟ್ಟು ಕಾರಿ ಕಾರಿ ಕಾಲುವೆಯ ದಂಡೆಯಲ್ಲಿ ಒಂದು ಗುಡ್ಡವೇ ಎದ್ದಿತ್ತು. "ಹೊತ್ತು ಸಾಯ್ರಲೇ, ಗಾಳಿಗೆ ಹಾರಿ ಕಣ್ಣಾಗ ಬೀಳತೈತಿ" ಎಂದು ಹೋದ ವರ್ಷವೂ ಇದೇ ಜಡೆಪ್ಪ ಬೈಯುತ್ತಿದ್ದ. ಕೇರಿಯ ಅಷ್ಟೂ ಮನೆಗಳ ಅನ್ನ ಬೇಯುವುದು ಅದರಲ್ಲೇ. ಈಗ ಗುಡ್ಡದ ಸುತ್ತ ಮುಳ್ಳುತಂತಿ. ಆ ತಂತಿ ಬಿಗಿದವನೂ ನಾನೇ. ಹಮಾಲಿ ಅಂದಮೇಲೆ ಅದೂ ಬಂತು.

ನನ್ನ ಹೆಂಡತಿ ಹೊಳೆಮ್ಮ ಹಡೆದು ಒಂಬತ್ತು ದಿನವಾಗಿತ್ತು, ಹೆಣ್ಣುಮಗು. ಮಾಘದ ಚಳಿ ಬೇರೆ. ಬಾಣಂತಿಗೆ, ಕೂಸಿಗೆ ದಿನಾ ಒಂದು ಹಂಡೆ ಬಿಸಿನೀರು ಬೇಕೇ ಬೇಕು. ಮನೆಯಲ್ಲಿ ಉಳಿದಿದ್ದ ಕೊನೆಯ ಬುಟ್ಟಿ ಹೊಟ್ಟು ಆವತ್ತು ಬೆಳಗ್ಗೆ ಮುಗಿದುಹೋಗಿತ್ತು. ಅಷ್ಟರಲ್ಲಿ ಸಾವ್ಕಾರರ ಮನೆಯಿಂದ ಕರೆ ಬಂತು. ಹೊಟ್ಟೇನೋ ಕೂಡಿಟ್ಟಿದ್ದಾರೆ, ಉರಿಸುವುದು ಗೊತ್ತಿಲ್ಲ. ಉಚ್ಚೆಂಗಮ್ಮ ಬಂದು ಕಲಿಸಿದರೆ ಎರಡು ಚೀಲ ಹೊಟ್ಟು ಕೊಡುತ್ತೇವೆ ಎಂದರು. ಅವ್ವ ಸೆರಗು ಸಿಕ್ಕಿಸಿಕೊಂಡು ಬಂದಳು.

ಜಡೆಪ್ಪನ ಹೆಂಡತಿ ಕೊಟ್ರಬಸಮ್ಮ ಶೆಡ್ಡಿನ ಮುಂದೆ ಮಣೆ ಹಾಕಿಕೊಂಡು ಕುಳಿತಳು. ಪಕ್ಕದಲ್ಲಿ ಒಂದು ಖಾಲಿ ಬಾಟಲಿ, ಮುಂದೆ ಹೊಳೆಯುವ ಹೊಸ ತಗಡಿನ ಒಲೆ. ಬುಡದಲ್ಲಿ ಒಂದು ತೂತು, ಅಷ್ಟೇ ಅದರ ವೈಭವ.

"ಅಕ್ಕಾರ, ಬಾಟ್ಲಿ ನಡುವ ನಿಂದ್ರಸ್ರಿ. ಬುಡದ ತೂತಿನಾಗ ಒಂದ್ ಕೋಲು ಹಾಕ್ರಿ, ಬಾಟ್ಲಿಗೆ ತಾಗಬೇಕು. ಹಾಂ. ಈಗ ಸುತ್ತ ಹೊಟ್ಟು ತುಂಬ್ರಿ."

ಕೊಟ್ರಬಸಮ್ಮ ಬೆರಳ ತುದಿಯಲ್ಲಿ ಹೊಟ್ಟು ಹಿಡಿದು ದೇವರಿಗೆ ಅಕ್ಷತೆ ಹಾಕಿದಂತೆ ಹಾಕಿದಳು.

"ಹಂಗಲ್ರೀ ಅಕ್ಕಾರ, ಗುದ್ದಬೇಕು! ಗಟ್ಟಿ ಗುದ್ರಿ. ಸಡ್ಲ ಇದ್ರ ಬಾಟ್ಲಿ ಎಳದ ಕೂಡ್ಲೆ ಕುಸಿತೈತಿ."

"ಹೆಂಗ ಗುದ್ದಬೇಕು?"

"ಯಾರ ಮ್ಯಾಲರ ಸಿಟ್ಟು ಇರ್ತೈತಲ್ರೀ, ಅವ್ರನ್ನ ನೆನಸ್ಕೊಂಡು ಗುದ್ರಿ."

ಕೊಟ್ರಬಸಮ್ಮ ಅತ್ತೆಯ ಕಡೆ ಒಮ್ಮೆ ನೋಡಿ ಎರಡು ಗುದ್ದು ಹಾಕಿದಳು. ಅವು ಮಾತ್ರ ಚಲೋ ಬಿದ್ದವು.

ಮೊದಲ ಸಲ ಬಾಟಲಿ ಎಳೆದರೆ ಹೊಟ್ಟು ಸುರ್ರೆಂದು ಕುಸಿಯಿತು. ಎರಡನೆಯ ಸಲ ಬೆಂಕಿ ಹಚ್ಚಿದರೆ ಉರಿ ಬರಲಿಲ್ಲ, ಬರೀ ಹೊಗೆ. ಜಡೆಪ್ಪ ಒಳಗಿನಿಂದ ಕೆಮ್ಮುತ್ತಾ ಬಂದ.

"ಏನಲೇ ಉಚ್ಚೆಂಗಿ, ಮನಿಗೆ ಹೊಗಿ ಹಾಕಾಕ ಬಂದಿಯೇನ? ನೆಟ್ಟಗ ಹೇಳಾಕ ಬರಂಗಿಲ್ಲೇನು?"

"ಒಂದ್ ಸಲ ನಾನ ತುಂಬಿ ತೋರಸ್ತೀನಿ ಸಾವ್ಕಾರ್ರ. ಚಿಟಿಕೆ ಹೊಡಿಯೂದ್ರಾಗ ಆಗತೈತಿ."

"ನೀ ತುಂಬಿದ ಒಲಿ ಮ್ಯಾಲ ನಾವ್ ಅನ್ನಾ ಮಾಡಬೇಕಾ? ಬಾಯಿ ಭಾಳ ಉದ್ದ ಆತು ನಿಂದು."

ನೀವು ಉಣ್ಣುವ ಅಕ್ಕಿಯನ್ನು ನೆಟ್ಟವಳು, ಕೊಯ್ದವಳು, ತೂರಿದವಳು ಇದೇ ಉಚ್ಚೆಂಗಿ ಎಂಬ ಮಾತು ನನ್ನ ಗಂಟಲಿಗೆ ಬಂತು. ಹೊಳೆಮ್ಮನ ನೀರು ನೆನಪಾಗಿ ನುಂಗಿಕೊಂಡೆ. ಅವ್ವ ಮತ್ತೆ ಮೊದಲಿನಿಂದ ಬಾಯಿಯಲ್ಲೇ ಪಾಠ ಶುರು ಮಾಡಿದಳು.

ಮೂರನೆಯ ಸಲ ಒಲೆ ಹತ್ತಿತು. ಬುಡದಿಂದ ಗಾಳಿ ಎಳೆದುಕೊಂಡು ಬಾಟಲಿ ಎಳೆದ ನಡುವಿನ ಬಿಲದಲ್ಲಿ ಉರಿ ಸುಯ್ಯೆಂದು ಎದ್ದಿತು. ಕೊಟ್ರಬಸಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ ಕೂಸಿನಂತೆ ಚಪ್ಪಾಳೆ ತಟ್ಟಿ, ಒಳಗೆ ಇಣುಕಿ ನೋಡಲು ಬಗ್ಗಿದಳು. ಮೊಳಕೈ ತಾಗಿ ಒಲೆ ವಾಲಿತು. ಬೆಂಕಿ ಹತ್ತಿದ ಹೊಟ್ಟು ಅವಳ ಮಡಿಲಿಗೆ ಸುರಿಯಿತು. ಸೆರಗಿನ ತುದಿ ಭಗ್ಗೆಂದಿತು.

ಜಡೆಪ್ಪ ನಿಂತಲ್ಲೇ ಬಾಯಿ ತೆರೆದ. ಮುದುಕಮ್ಮ ಶಿವಶಿವಾ ಎಂದಳು. ಅವ್ವ ಮಾತ್ರ ಕಲ್ಲು ದಾಟಿ ಹಾರಿದಳು. ಒಂದು ಕೈಯಲ್ಲಿ ಒಲೆ ಆಚೆಗೆ ನೂಕಿ, ಇನ್ನೊಂದು ಕೈಯಲ್ಲಿ ಸೆರಗಿನ ಬೆಂಕಿಯನ್ನು ಬಡಿದು ಬಡಿದು ಆರಿಸಿದಳು. ಕೊಟ್ರಬಸಮ್ಮ ಅವ್ವನ ರಟ್ಟೆ ಹಿಡಿದುಕೊಂಡಳು. ಅವ್ವನ ಅಂಗೈ ಬೊಬ್ಬೆ ಎದ್ದಿತ್ತು.

"ಮುಟ್ಟಿದ್ಲು!" ಎಂದು ಮುದುಕಮ್ಮ ಚೀರಿದಳು. "ಒಲಿ ಮುಟ್ಟಿದ್ಲು, ಸೊಸಿನ್ನ ಮುಟ್ಟಿದ್ಲು! ಎರ್ರ್ಯಾ, ಕೊಡ ತಾರಲೇ! ಸುರಿ!"

"ಯಾರ ಮ್ಯಾಲ್ರೀ?" ಎಂದ ಎರ್ರೆಪ್ಪ.

"ಇಬ್ರ ಮ್ಯಾಲೂ! ಒಲಿಗೊಂದು ಕೊಡ, ಸೊಸಿಗೊಂದು ಕೊಡ! ಶುದ್ಧ ಆಗಿದ್ದನ್ನ ಮುಟ್ಟಿದ್ರ ಹನಿ ಸಾಲಂಗಿಲ್ಲ, ತುಂಬಿದ ಕೊಡನ ಬೇಕು."

ಎರ್ರೆಪ್ಪ ಸುರಿದ. ಒಲೆ ಚುಂಯ್ ಎಂದು ಆರಿ ಹೊಟ್ಟೆಲ್ಲಾ ರಾಡಿಯಾಯಿತು. ಕೊಟ್ರಬಸಮ್ಮ ಆ ಚಳಿಯಲ್ಲಿ ತೊಟ್ಟಿಕ್ಕುತ್ತಾ, ಹಲ್ಲು ಕಟಕಟ ಎನ್ನಿಸುತ್ತಾ ಒಳಗೆ ಹೋದಳು. ಬೆಂಕಿಯಿಂದ ಬದುಕಿದವಳು ಮಡಿಯಿಂದ ಸಾಯದಿದ್ದರೆ ಸಾಕು ಎಂದುಕೊಂಡೆ.

ಅವ್ವ ಸುಟ್ಟ ಕೈಗೆ ಗಾಳಿ ಊದಿಕೊಳ್ಳುತ್ತಾ ಕೇಳಿದಳು. "ಒಲಿ ಹತ್ತೂದು ಕಲತ್ರಲ್ರೀ. ನನ್ನ ಎರಡ್ ಚೀಲ ಕೊಡ್ರಿ ಸಾವ್ಕಾರ್ರ. ಸೊಸಿ ನೀರಿಗೆ ಕಾಯಾಕತ್ಯಾಳ."

"ಎರಡ್ ಚೀಲ?" ಜಡೆಪ್ಪನಿಗೆ ಈಗ ಬಾಯಿ ಬಂತು. "ಹೊಸ ಒಲಿ ಮೈಲಿಗಿ ಮಾಡಿದಿ. ಹೆಂಡ್ತೀನ್ನ ಮುಟ್ಟಿದಿ. ಮ್ಯಾಲ ಹೊಟ್ಟು ಬೇರೆ ಕೊಡಬೇಕಾ ನಿನಗ? ಹಲ್ಕಟ್ ರಂಡೆ, ನಡಿ ಇಲ್ಲಿಂದ! ಆ ಒಲಿ ಬೇಕಾರ ತಗೊಂಡ್ ಹಾಳಾಗಿ ಹೋಗು, ನಮಗಂತೂ ಇನ್ನ ಬರಂಗಿಲ್ಲ ಅದು."

ನನ್ನ ಕೈ ಮುಷ್ಟಿ ಕಟ್ಟಿತು. ಅವ್ವ ನನ್ನ ಕಡೆ ನೋಡಿ ಬೇಡ ಎಂದು ತಲೆ ಆಡಿಸಿದಳು. ಆಮೇಲೆ ಆರಿದ ಒಲೆಯನ್ನು ನೋಡಿದಳು. ಶೆಡ್ಡಿನೊಳಗೆ ಗೋಡೆಗೆ ಒಟ್ಟಿದ ಹೊಟ್ಟಿನ ಚೀಲಗಳನ್ನು, ಕಟ್ಟಿಗೆಯನ್ನು, ಕುಳ್ಳನ್ನು ನೋಡಿದಳು. ನಾನು ಅವಳ ಮಗ, ಆ ನೋಟ ನನಗೆ ಗೊತ್ತು. ನನ್ನ ಸಿಟ್ಟು ಜರ್ರನೆ ಇಳಿದು ಒಳಗೊಳಗೇ ನಗು ಬಂತು.

"ಮುಟ್ಟಿದ್ದು ನಂದಾಗತೈತೇನ್ರೀ ಸಾವ್ಕಾರ್ರ?" ಎಂದಳು ಅವ್ವ.

ಹಾಗೆಂದು ನೇರ ಶೆಡ್ಡಿಗೆ ನಡೆದಳು. ಮೊದಲ ಚೀಲದ ಮೇಲೆ ಬೊಬ್ಬೆಯೆದ್ದ ಅಂಗೈಯನ್ನು ಮೆಲ್ಲಗೆ ಇಟ್ಟಳು. ಎರಡನೆಯದರ ಮೇಲೆ ಇಟ್ಟಳು. ಮೂರನೆಯದನ್ನು ಮೊಮ್ಮಗಳ ತಲೆ ಸವರಿದಂತೆ ಸವರಿದಳು.

"ಏ! ಏ! ಏನ್ ಮಾಡ್ತಿ?" ಜಡೆಪ್ಪ ಓಡಿಬಂದು ಎರಡು ಮಾರು ದೂರದಲ್ಲಿ ಗಕ್ಕನೆ ನಿಂತ. ಅವಳನ್ನು ತಡೆಯಬೇಕೆಂದರೆ ಅವಳನ್ನು ಮುಟ್ಟಬೇಕು. ಕೋಲಿನಿಂದ ಹೊಡೆಯಬಹುದಿತ್ತು, ಆದರೆ ಮನೆಯಲ್ಲಿದ್ದ ಕೋಲು ಕಟ್ಟಿಗೆಯೆಲ್ಲ ಶೆಡ್ಡಿನಲ್ಲೇ ಇತ್ತು, ಅವ್ವನ ಬೆನ್ನ ಹಿಂದೆ.

"ಹುಲುಗ್ಯಾ! ಸೂಳೆಮಗನ, ನಿಂತು ನೋಡ್ತಿಯೇನಲೇ? ನಿಮ್ಮವ್ವನ್ನ ಹಿಡಿ!"

"ಕಲ್ಲು ದಾಟಬಾರದಲ್ರೀ ನಾನು," ಎಂದೆ. ಜೀವಮಾನದಲ್ಲಿ ಆ ಕಲ್ಲಿನ ಮೇಲೆ ನನಗೆ ಪ್ರೀತಿ ಬಂದದ್ದು ಅವತ್ತೊಂದೇ ದಿನ.

ಅಷ್ಟರಲ್ಲಿ ಮುದುಕಮ್ಮ ಗೋಡೆ ಹಿಡಿದು ಎದ್ದಿದ್ದಳು. "ಎಲ್ಲಾ ಮುಟ್ಟಿಬಿಟ್ಲು! ಎರ್ರ್ಯಾ, ನೀರು! ಚೀಲಕ್ಕೊಂದು ಕೊಡ ಸುರೀಲೇ!"

"ಬ್ಯಾಡವ್ವಾ!" ಜಡೆಪ್ಪ ಹೌಹಾರಿದ. "ತೊಯ್ದ ಹೊಟ್ಟು ಉರಿಯಂಗಿಲ್ಲ! ಯುದ್ಧ ನಡದೈತಿ ಅಲ್ಲಿ!"

"ಯಾವ ಯುದ್ಧಾನಲೇ? ನನ್ನ ಮನಿ ಒಲಿಗೆ ಮೈಲಿಗಿ ಹೊಟ್ಟು ಹಾಕ್ತಿಯೇನೋ ಭಾಡ್ಯಾ? ನಾ ಸತ್ ಮ್ಯಾಲ ಹಾಕ್ಕೋ. ಸುರೀಲೇ ಎರ್ರ್ಯಾ!"

ಎರ್ರೆಪ್ಪ ಯಾರ ಮಾತು ಕೇಳಬೇಕು? ವಯಸ್ಸಿಗೆ ಮರ್ಯಾದೆ ಕೊಟ್ಟ. ಹಿತ್ತಲ ತೊಟ್ಟಿಯಿಂದ ಅವನು ಅಷ್ಟು ಚುರುಕಾಗಿ ನೀರು ತುಂಬಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅವ್ವ ಮುಂದೆ ಮುಂದೆ ಮುಟ್ಟುತ್ತಾ ಹೋದಳು, ಎರ್ರೆಪ್ಪ ಹಿಂದೆ ಹಿಂದೆ ಸುರಿಯುತ್ತಾ ಹೋದ. ಹೊಟ್ಟು ತೊಯ್ದು ಚೀಲಗಳು ಉಬ್ಬಿದವು. ಕುಳ್ಳು ಕರಗಿ ಮತ್ತೆ ಸಗಣಿಯಾಯಿತು. ಮೋರಿಯಲ್ಲಿ ಕಂದು ನೀರು ಹರಿಯಿತು.

"ನಿಂದ್ರವಾ ಉಚ್ಚೆಂಗಮ್ಮಾ!" ಎಂದ ಜಡೆಪ್ಪ. ಉಚ್ಚೆಂಗಿ ಹೋಗಿ ಉಚ್ಚೆಂಗಮ್ಮ ಆಗಿತ್ತು. "ಎರಡ್ ಚೀಲ ಒಯ್ಯಿ. ನಾಕು ಒಯ್ಯಿ. ಮುಟ್ಟಬ್ಯಾಡ ಅಷ್ಟ!"

"ನಾಕು ಚೀಲ ಎಷ್ಟ್ ದಿನ ಬರತಾವ್ರೀ? ಗುಡ್ಡದ ತಂತಿ ಬಿಚ್ಚಸ್ರಿ. ಕೇರಿ ಮಂದಿ ಮೊದ್ಲಿನಂಗ ಹೊತ್ಗೊಂಡ್ ಹೋಗ್ತಾರ."

"ಆತು, ನಾಳಿ ಬಿಚ್ಚಸ್ತೀನಿ."

"ಹಂಗಾರ ಮುಟ್ಟೂದು ನಾಳಿ ಬಿಡ್ತೀನಿ," ಎಂದು ಅವ್ವ ಕಟ್ಟಿಗೆಯ ರಾಶಿಯ ಮೇಲೆ ಕೈಯಾಡಿಸಿದಳು. ಎರ್ರೆಪ್ಪ ಸುರಿದ.

ಶೆಡ್ಡಿನಲ್ಲಿ ಇನ್ನು ಉಳಿದದ್ದು ಸೀಮೆಎಣ್ಣೆಯ ಡ್ರಮ್ಮು. ಆ ಮುಂಜಾನೆ ದೀಪಗಳಿಗೆ ಎಣ್ಣೆ ತುಂಬಿಸಿಕೊಂಡು ಅದರ ಬಾಯಿ ಮುಚ್ಚುವುದನ್ನು ಮರೆತಿದ್ದರು. ಅವ್ವ ಅದರ ಮುಂದೆ ಹೋಗಿ ನಿಂತಳು. ಕೈ ಎತ್ತಿದಳು. ಮುಟ್ಟಲಿಲ್ಲ. ಡ್ರಮ್ಮಿನಿಂದ ಗೇಣು ಮೇಲಕ್ಕೆ ಆ ಸುಟ್ಟ ಅಂಗೈಯನ್ನು ಹಾಗೇ ಹಿಡಿದಳು.

"ಎರ್ರ್ಯಾ, ಕೊಡ ತುಂಬ್ಕೊ," ಎಂದಳು ಮುದುಕಮ್ಮ.

ಎರ್ರೆಪ್ಪ ತುಂಬಿಕೊಂಡು ಬಂದು ಡ್ರಮ್ಮಿನ ಪಕ್ಕದಲ್ಲಿ ಭುಜಕ್ಕೇರಿಸಿ ನಿಂತ. ಎಣ್ಣೆಗೆ ನೀರು ಬಿದ್ದರೆ ಸ್ಟೋವು ಹತ್ತುವುದಿಲ್ಲ ಎನ್ನುವುದು ಜಡೆಪ್ಪನಿಗೂ ಗೊತ್ತಿತ್ತು. ಅವನ ಮುಖ ಸಪ್ಪಗಾಯಿತು. ಒಳಗೆ ಓಡಿಹೋಗಿ ತಂತಿ ಕತ್ತರಿಸುವ ಇಕ್ಕಳ ತಂದು ನನ್ನ ಕಾಲ ಬಳಿ ಎಸೆದ.

"ಹೋಗಲೇ ಹುಲುಗ್ಯಾ, ಬಿಚ್ಚಿಬಿಡು ಆ ತಂತಿ."

"ಪೂರಾ ಬಿಚ್ಚಿ, ಹೊಳೆಮ್ಮಗ ಒಂದ್ ಚೀಲ ಹಾಕಿ, ಇಲ್ಲಿಗೆ ಬಂದು ಹೇಳು," ಎಂದಳು ಅವ್ವ. "ಅಲ್ಲೀತನಕ ನನ್ನ ಕೈ ಇಲ್ಲೇ ಇರತೈತಿ."

"ಅಲ್ಲೀತನಕ ನನ್ನ ಕೊಡಾನೂ ಇಲ್ಲೇ ಇರತೈತಿ," ಎಂದಳು ಮುದುಕಮ್ಮ.

ನಾನು ಇಕ್ಕಳ ಎತ್ತಿಕೊಂಡೆ. ಗಿರಣಿ ಊರ ಆಚೆ ತುದಿಗಿತ್ತು. ಅವ್ವನ ತೋಳು ನಡುಗುತ್ತಿತ್ತು. ಎರ್ರೆಪ್ಪನ ಭುಜವೂ ನಡುಗುತ್ತಿತ್ತು. ಕೊಡದಿಂದ ಒಂದೊಂದೇ ಹನಿ ಡ್ರಮ್ಮಿನ ಅಂಚಿಗೆ ಬೀಳುತ್ತಿತ್ತು. ಜಡೆಪ್ಪ ಸಾವ್ಕಾರ ಆ ಹನಿಗಳನ್ನೇ ನೋಡುತ್ತಾ ನನಗೆ ಎರಡೂ ಕೈ ಮುಗಿದ.

"ಓಡಲೇ, ಓಡೋ ನಮ್ಮಪ್ಪಾ, ಜಲ್ದಿ!"

ಅವ್ವನ ಕಡೆ ನೋಡಿದೆ. ಅವಳು ಕಣ್ಣು ಮಿಟುಕಿಸಿದಳು.

ನಾನು ನಡೆದುಕೊಂಡೇ ಹೋದೆ.